ಪೆನ್ನು ಕೆಳಗಿಟ್ಟು ಕೇಳುತ್ತಿದ್ದವಳು

ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಬಾಯಿಂದ ಹೇಳಿದ ಉತ್ತರಗಳನ್ನು ಒಬ್ಬ ಹುಡುಗಿ ಅವನ ಪರವಾಗಿ ಕಾಗದದ ಮೇಲೆ ಬರೆದುಕೊಟ್ಟಳು. ಆ ಉತ್ತರಗಳು ಅವನವಲ್ಲ, ಅವಳವೇ ಎಂದು ಮೂವರು ವಿದ್ಯಾವಂತರು ತೀರ್ಮಾನಿಸಿದರು. ಅವನ ಆ ವರ್ಷದ ಪತ್ರಿಕೆಗಳೆಲ್ಲ ರದ್ದಾದವು. ಅವಳು ಮೂರು ವರ್ಷ ಯಾವ ಪರೀಕ್ಷೆಯನ್ನೂ, ತನ್ನದನ್ನಾಗಲಿ ಬೇರೆಯವರದನ್ನಾಗಲಿ, ಬರೆಯಕೂಡದೆಂದು ಆದೇಶವಾಯಿತು. ತೀರ್ಮಾನ ತಪ್ಪಾಗಿತ್ತು. ಅದನ್ನು ತಿದ್ದಿಕೊಳ್ಳಲು ಅವರಿಗೆ ಸಾಕಷ್ಟು ಕಾಲವೂ ಇತ್ತು. ಈಗ ಆ ಹುಡುಗಿಯೇ ಇಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವಳ ತಾಯಿಯನ್ನು ಕೇಳಿದಾಗ ಆಕೆ, "ಹೆಸರು ಬ್ಯಾಡ್ರಿ ಸಾರ್. ನಕಲು ಮಾಡ್ಸಿದಾಕಿ ಅಂತ ಒಮ್ಮೆ ಪೇಪರಿನ್ಯಾಗ ಬಂದೈತಿ, ಅಷ್ಟ ಸಾಕು" ಎಂದರು. ಆ ಮಾತಿಗೆ ನಾನು ಬದ್ಧನಾಗಿದ್ದೇನೆ.

ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ನಿವೃತ್ತಿಯ ನಂತರ ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಹುಡುಕಿಕೊಡುವ ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡೆ. ಒಪ್ಪಿಕೊಂಡವರು ಪರೀಕ್ಷೆಯ ಮುಂಜಾನೆ ಫೋನ್ ಎತ್ತದಿರುವುದು, ಬಂದವರು ಅರ್ಧಕ್ಕೆ ಎದ್ದು ಹೋಗುವುದು, ಬರೆಯಲು ಬಾರದವರು ಪ್ರಮಾಣಪತ್ರದ ಆಸೆಗೆ ಬರುವುದು, ಇವನ್ನೆಲ್ಲ ನಾನು ಬಲ್ಲೆ. ಹಾಗೆ ಕೈಕೊಟ್ಟವರೆಲ್ಲರ ಹೆಸರೂ ನನಗೆ ನೆನಪಿದೆ. ಒಮ್ಮೆಯೂ ಕೈಕೊಡದಿದ್ದವಳ ಕುರಿತು ಈ ಬರಹ.

ಅವಳನ್ನು ಮೊದಲು ಕಂಡದ್ದು ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿ ಅವಳು ಯಂತ್ರ ನಡೆಸುತ್ತಿದ್ದಳು. ನಾನು ಪಿಂಚಣಿಯ ಕಾಗದಗಳಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಹುಲುಗಪ್ಪ ಕೋಲು ಊರಿಕೊಂಡು ಬಂದ. ಸಂಡೂರಿನ ಕಡೆಯವನು, ಹುಟ್ಟುಗುರುಡ, ಬಿ.ಎ. ಓದುತ್ತಿದ್ದ. ಯಾರದೋ ನೋಟ್ಸ್ ಎರವಲು ತಂದಿದ್ದ.

"ಏನ್ಲೇ ಹುಲುಗಪ್ಪ, ನಿನಗ್ಯಾಕಲೇ ಜೆರಾಕ್ಸು? ಅಚ್ಚಾದ ಹಾಳಿ ಕೊಟ್ರೂ ಒಂದ, ಬಿಳಿ ಹಾಳಿ ಕೊಟ್ರೂ ಒಂದ" ಎಂದ ಅಂಗಡಿಯ ಯಜಮಾನ. ನಿಂತಿದ್ದವರು ನಕ್ಕರು.

"ಹಂಗಾದ್ರ ಬಿಳಿ ಹಾಳೀನ ಕೊಡ್ರಿ ಧಣಿ. ನಾನೂ ರೊಕ್ಕದ ಬದ್ಲಿ ಬಿಳಿ ಹಾಳಿ ಕೊಡ್ತೀನಿ" ಎಂದ ಹುಲುಗಪ್ಪ. ನಗು ಈಗ ಯಜಮಾನನ ಕಡೆಗೆ ತಿರುಗಿತು.

ಯಂತ್ರದ ಹಿಂದಿದ್ದ ಹುಡುಗಿ ಎರಡು ಸಲವೂ ನಗಲಿಲ್ಲ. "ಇದನ್ನ ನಿಮಗ ಓದಿ ಹೇಳೋರು ಯಾರದಾರ?" ಎಂದು ಕೇಳಿದಳು. ರೂಮಿನಲ್ಲಿದ್ದ ಗೆಳೆಯ ಓದು ಬಿಟ್ಟು ಊರಿಗೆ ಹೋದನೆಂದು ಅವನು ಹೇಳಿದ. ಅವಳು ಮತ್ತೇನೂ ಕೇಳದೆ, ಗಾಜಿನ ಮೇಲಿಂದ ಎತ್ತಿದ ಒಂದೊಂದು ಹಾಳೆಯನ್ನೂ ಗಟ್ಟಿಯಾಗಿ ಓದತೊಡಗಿದಳು. ಸಾಲು ಉದ್ದವಾಯಿತು.

"ಇದು ಅಂಗಡಿ ಐತವಾ, ಸಾಲಿ ಅಲ್ಲ" ಎಂದ ಯಜಮಾನ.

"ಮಿಷಿನ್ ಭಾಳ ಬಿಸಿ ಆಗೈತ್ರಿ ಮಾಮ. ಆರೋ ತನಕ ಓದ್ತೀನಿ."

ಯಂತ್ರ ಬಿಸಿಯಾಗಿರಲಿಲ್ಲ. ನಾನು ಅದರ ಪಕ್ಕದಲ್ಲೇ ನಿಂತಿದ್ದೆ.

ಅವಳ ಊರು ಎಮ್ಮಿಗನೂರು. ತಂದೆ ಸಂಡೂರಿನ ಗುಡ್ಡಗಳಲ್ಲಿ ವರ್ಷಗಟ್ಟಲೆ ಲಾರಿಗೆ ಅದಿರು ತುಂಬಿದವರು. ಕೆಂಪು ಧೂಳು ಎದೆಗಿಳಿದ ಮೇಲೆ ಅವರನ್ನು ಅಲ್ಲಿಂದ ಮನೆಗೆ ಕಳುಹಿಸಿದರು. ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಗೋಡೆ ಹಿಡಿಯಬೇಕಾಗಿತ್ತು. ತಾಯಿ ಗದ್ದೆ ನಾಟಿಗೆ, ಕಬ್ಬಿನ ಕಳೆಗೆ ಹೋಗುತ್ತಿದ್ದರು. ಹುಡುಗಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ತಂದೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಮೊದಲ ಬಸ್ಸಿಗೆ ಕಂಪ್ಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಹೊಸಪೇಟೆಗೆ ಬರುತ್ತಿದ್ದಳು. ಪಿಯುಸಿ ಮುಗಿಸಿ ದೂರಶಿಕ್ಷಣದಲ್ಲಿ ಪದವಿಗೆ ಸೇರಿ, ಎರಡು ವರ್ಷದ ಪರೀಕ್ಷೆ ಮುಗಿಸಿದ್ದಳು. ಕೊನೆಯ ವರ್ಷವೊಂದು ಉಳಿದಿತ್ತು. ಅದಾದ ಮೇಲೆ ಬಿ.ಎಡ್. ಮಾಡಿ ಟೀಚರಾಗಬೇಕೆಂಬುದು ಅವಳ ಆಸೆ.

ನಾನು ಕೇಳಿಕೊಂಡ ಮೇಲೆ ಅವಳು ಅಂಧ ವಿದ್ಯಾರ್ಥಿಗಳಿಗೆ ಬರೆದುಕೊಡತೊಡಗಿದಳು. ನಾನು ಅವರ ಮನೆಗೆ ಹೋದ ದಿನ ತಂದೆ ಉಸಿರು ಕೂಡಿಸಿಕೊಂಡು ದೂರು ಹೇಳಿದರು. "ಕುಂದ್ರಿ ಸಾರ್. ಈಕಿ ಮಂದಿ ಪರೀಕ್ಷೆ ಬರೀತಾಳ, ತನ್ನದು ಬರೀವಲ್ಲಳು. ನೀವರ ಹೇಳ್ರಿ."

"ನಾನು ಪಾಸಾದ್ರ ಇವರಿಗೆ ಬರೆಯೋರು ಯಾರಪ್ಪ? ಕಾಯ್ದೇನ ಹಂಗೈತಿ."

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬರೆದುಕೊಡುವವರು ಪರೀಕ್ಷಾರ್ಥಿಗಿಂತ ಕಡಿಮೆ ಓದಿದವರಾಗಿರಬೇಕೆಂದು ನಮ್ಮಲ್ಲಿ ಕೇಳುತ್ತಿದ್ದರು. ಅವಳು ಪದವಿ ಮುಗಿಸಿದರೆ ಪದವಿಯ ವಿದ್ಯಾರ್ಥಿಗಳಿಗೆ ಬರೆಯಲಾಗುತ್ತಿರಲಿಲ್ಲ. ಹುಲುಗಪ್ಪನದು ಆಗ ಅಂತಿಮ ವರ್ಷ. ಅವನ ಪರೀಕ್ಷೆ ಮುಗಿಯಲಿ, ಮರುವರ್ಷ ತನ್ನದು ಎಂದು ಅವಳು ನಿರ್ಧರಿಸಿದ್ದಳು. ನಾನು ಬೇಡವೆನ್ನಬೇಕಾಗಿತ್ತು. ಅವಳ ಹಾಗೆ ಬರೆಯುವವರು ನನಗೆ ಬೇರೆ ಸಿಕ್ಕಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಪರೀಕ್ಷೆಯ ಕೊಠಡಿಯಲ್ಲಿ ಅವಳಿಗೆ ಅವಳದೇ ಕ್ರಮವಿತ್ತು. ಪರೀಕ್ಷಾರ್ಥಿ ಕೂರುವವರೆಗೆ ಕೂರುತ್ತಿರಲಿಲ್ಲ. ಉತ್ತರಪತ್ರಿಕೆಯನ್ನು ಮೊದಲು ಅವರ ಕೈಗೆ ಕೊಟ್ಟು, ಹಾಳೆಗಳನ್ನು ಅವರ ಬೆರಳಿನಿಂದಲೇ ಎಣಿಸಲು ಹೇಳಿ, "ಇಷ್ಟೂ ಜಾಗ ನಿಮ್ದ ಐತಿ, ಹೆದರಬ್ಯಾಡ್ರಿ" ಎನ್ನುತ್ತಿದ್ದಳು. ಬರೆದದ್ದನ್ನು ಕೊನೆಯಲ್ಲಿ ಓದಿ ಹೇಳದೆ ಕಾಗದ ಕೊಟ್ಟದ್ದಿಲ್ಲ.

ಹಂಪಿಯ ಮಗ್ಗುಲಿನ ಕಮಲಾಪುರದ ಹುಡುಗಿಯೊಬ್ಬಳಿಗೆ ಇತಿಹಾಸ ಪತ್ರಿಕೆ ಬರೆದುಕೊಟ್ಟ ಸಂಗತಿಯನ್ನು ಹೇಳಲೇಬೇಕು. ವಿಜಯನಗರವನ್ನು ಸ್ಥಾಪಿಸಿದವರು ಯಾರೆಂಬ ಪ್ರಶ್ನೆಗೆ ಆ ಹುಡುಗಿ ಗಾಬರಿಯಲ್ಲಿ ಎಷ್ಟೋ ತಲೆಮಾರು ನಂತರದ ಅರಸನ ಹೆಸರು ಹೇಳಿದಳಂತೆ. ಆ ಕಲ್ಲುಗಳ ನಡುವೆಯೇ ಹುಟ್ಟಿ ಬೆಳೆದವಳು! ಇವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಳು. ಆ ಪತ್ರಿಕೆಯಲ್ಲಿ ಕಮಲಾಪುರದ ಹುಡುಗಿ ಸ್ವಲ್ಪದರಲ್ಲಿ ಫೇಲಾಗಿ, ನನ್ನ ಎದುರಿಗೇ ಇವಳನ್ನು ಬಯ್ದಳು: "ನಿನಗ ಗೊತ್ತಿತ್ತಲ್ಲಲೇ? ಒಂದು ಹೆಸರು ತಿದ್ದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಗೊತ್ತಿತ್ತು ನೋಡವಾ. ಆದ್ರ ಅದು ನಿನ್ನ ಪೇಪರ್. ನಾ ತಿದ್ದಿದ್ರ ಪಾಸಾಗೋದು ನೀನಲ್ಲ."

ಬಯ್ದವಳು ಅತ್ತಳು, ಬಯ್ಯಿಸಿಕೊಂಡವಳೂ ಅತ್ತಳು. ಮರುಪರೀಕ್ಷೆಗೆ ಅವಳಿಗೆ ಬರೆದುಕೊಟ್ಟವಳೂ ಇವಳೇ. ನಕಲು ಮಾಡಿಸಿದಳೆಂದು ಆಮೇಲೆ ಆರೋಪ ಹೊತ್ತವಳು ಈಕೆ ಎಂಬುದನ್ನು ಓದುಗರು ಗಮನಿಸಬೇಕು.

ಇನ್ನು ಹುಲುಗಪ್ಪನ ವಿಷಯ. ಅವನ ವಿಚಾರ ಓಡುವುದು ವೇಗವಾಗಿ. ನಡುವೆ ತಡೆದು "ಏನಂದ್ರಿ? ಇನ್ನೊಮ್ಮೆ ಹೇಳ್ರಿ" ಎಂದರೆ ಎಳೆ ಕಡಿದುಹೋಗಿ ಮತ್ತೆ ಸಿಗುತ್ತಿರಲಿಲ್ಲ. ಹಿಂದಿನ ಎರಡು ವರ್ಷವೂ ಅವನು ಬಲ್ಲ ಉತ್ತರಗಳನ್ನು ಮುಗಿಸಲಾಗದೆ ಎದ್ದು ಬಂದಿದ್ದ. ಇದಕ್ಕೆ ಅವಳೊಂದು ವಿಧಾನ ಕಂಡುಹಿಡಿದಳು. ಅವನು ಒಂದು ಪುಟದಷ್ಟು ಉತ್ತರವನ್ನು ಒಂದೇ ಓಟದಲ್ಲಿ ಹೇಳಿಬಿಡಬೇಕು. ಅಲ್ಲಿಯವರೆಗೆ ಅವಳು ಪೆನ್ನು ಕೆಳಗಿಟ್ಟು ಕೇಳುತ್ತ ಕೂರುವಳು. ಆಮೇಲೆ ಅವಳು ಕೇಳಿದ್ದನ್ನೆಲ್ಲ ಬರೆಯುವಾಗ, ಅವನು ಬಾಯಿ ಮುಚ್ಚಿ ಮುಂದಿನ ಪುಟವನ್ನು ತಲೆಯಲ್ಲಿ ಕಟ್ಟಿಕೊಳ್ಳುವನು. ಪೆನ್ನಿನ ಸದ್ದು ನಿಂತರೆ ಅವನ ಸರದಿ.

ಅಷ್ಟನ್ನು ಹೇಗೆ ನೆನಪಿಡುತ್ತೀಯೆಂದು ನಾನೊಮ್ಮೆ ಕೇಳಿದೆ.

"ನಾಟಿ ಹಾಡು ಸಾರ್. ಗದ್ದ್ಯಾಗ ಮುಂದಿನಾಕಿ ಒಂದು ಉದ್ದ ನುಡಿ ಹೇಳ್ತಾಳ, ಹಿಂದಿನೋರು ಅದನ್ನ ಹಂಗ ಎತ್ತಬೇಕು. ಒಂದು ಮಾತು ತಪ್ಪಿದ್ರ ಎಲ್ಲಾರ ಕೈಯೂ ನಿಲ್ತಾವು. ನಮ್ಮವ್ವ ಮುಂದಿನಾಕಿ. ತಪ್ಪಿದ್ರ ಕೆಸರುಗೈಲೇ ಬಡೀತಿದ್ಲು."

ನನ್ನ ಮನೆಯ ಪಡಸಾಲೆಯಲ್ಲಿ ಅವರಿಬ್ಬರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಅವನು ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಅವಳು ಬರೆದದ್ದರ ಪಕ್ಕದಲ್ಲಿಟ್ಟು ನಾನೇ ಪರೀಕ್ಷಿಸಿದ್ದೇನೆ. ವ್ಯತ್ಯಾಸವಿರಲಿಲ್ಲ. ಅವನು ತಡವರಿಸಿ ಒಂದೇ ಮಾತನ್ನು ಎರಡು ಸಲ ಹೇಳಿದ್ದರೆ ಅವಳು ಎರಡು ಸಲವೇ ಬರೆದಿರುತ್ತಿದ್ದಳು.

ಇಲ್ಲಿ ನನ್ನ ತಪ್ಪನ್ನೂ ದಾಖಲಿಸುತ್ತೇನೆ. ಈ ವಿಧಾನವನ್ನು ಪರೀಕ್ಷಾ ಕೇಂದ್ರಕ್ಕೆ ಮೊದಲೇ ಬರೆದು ತಿಳಿಸಿ ಅನುಮತಿ ಪಡೆಯಬೇಕಿತ್ತು. ಕೊಠಡಿಯ ಮೇಲ್ವಿಚಾರಕರಿಗೆ ಬಾಯಲ್ಲಿ ಹೇಳಿದ್ದೆ; ಅವರು ಒಪ್ಪಿದ್ದರು. ಬರೆದ ಪತ್ರಗಳಿಗೆಲ್ಲ ಪ್ರತಿ ಇಟ್ಟುಕೊಳ್ಳುವ ನಾನು ಆ ಒಂದು ಪತ್ರವನ್ನು ಬರೆಯಲಿಲ್ಲ.

ಮೂರನೆಯ ಪತ್ರಿಕೆಯ ದಿನ ತಪಾಸಣಾ ದಳ ಬಂತು. ಹುಲುಗಪ್ಪ ಬಾಯಿ ಮುಚ್ಚಿ, ಮುಖ ಮೇಲಕ್ಕೆತ್ತಿ ಕುಳಿತಿದ್ದ. ಹುಡುಗಿ ತಲೆ ತಗ್ಗಿಸಿ ಭರಭರನೆ ಬರೆಯುತ್ತಿದ್ದಳು. ದಳದ ಅಧಿಕಾರಿಗೆ ಕಂಡದ್ದು ಅಷ್ಟೇ, ಅವರಿಗೆ ಬೇಕಾದದ್ದೂ ಅಷ್ಟೇ.

"ಏಯ್, ಅವನು ಏನೂ ಹೇಳ್ತಾ ಇಲ್ಲ, ನೀನೇನು ಬರೀತಾ ಇದ್ದೀಯ? ಎದ್ದೇಳು!"

ಅವಳು ಏಳಲಿಲ್ಲ. ಎಡಗೈ ಎತ್ತಿ, "ಒಂದು ನಿಮಿಷ ರೀ ಸಾರ್" ಎಂದು, ಬಲಗೈಯಿಂದ ಬರೆಯುತ್ತಲೇ ಇದ್ದಳು. ಎದ್ದು ನಿಂತು ಉತ್ತರ ಕೊಟ್ಟಿದ್ದರೆ ತಲೆಯಲ್ಲಿ ಹಿಡಿದಿಟ್ಟಿದ್ದ ಹುಲುಗಪ್ಪನ ಅರ್ಧ ಪುಟ ಚದುರಿಹೋಗುತ್ತಿತ್ತು. ಅವನಿಗೆ ಅದನ್ನು ಮತ್ತೊಮ್ಮೆ ಹಾಗೆಯೇ ಹೇಳಲು ಬರುತ್ತಿರಲಿಲ್ಲ. ಅವಳು ಮಾಡಿದ ಅಪರಾಧವೆಂದರೆ ಆ ಒಂದು ನಿಮಿಷ. ಅಧಿಕಾರಿ ಅದನ್ನು ಸೊಕ್ಕು ಎಂದು ತಿಳಿದು ಪೆನ್ನು ಕಿತ್ತುಕೊಂಡರು.

"ಸಾರ್, ಆಕಿ ಬರೀತಿರೋದು ನನ್ ಮಾತ್ರಿ! ಈಗ ಹೇಳಿ ಮುಗಿಸೀನ್ರಿ!" ಎಂದು ಹುಲುಗಪ್ಪ ಕೂಗಿಕೊಂಡನಂತೆ. ನಕಲು ಮಾಡುವವರೆಲ್ಲ ಹಾಗೆಯೇ ಕೂಗುತ್ತಾರೆಂದು ಅಧಿಕಾರಿ ಹೇಳಿದರಂತೆ. ಎಲ್ಲವನ್ನೂ ಬಲ್ಲ ಮೇಲ್ವಿಚಾರಕರು ದಳದ ಹೇಳಿಕೆಯ ಕೆಳಗೆ ಸಹಿ ಹಾಕಿದರು. "ನಾನು ಅತಿಥಿ ಉಪನ್ಯಾಸಕ ಸಾರ್. ಮುಂದಿನ ವರ್ಷ ಕರೀಲಿಲ್ಲ ಅಂದ್ರ ಎರಡು ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿ?" ಎಂದು ಸಂಜೆ ನನ್ನ ಮನೆಗೆ ಬಂದು ಕೈಮುಗಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿಯ ಕಷ್ಟ ಅವರದ್ದಕ್ಕಿಂತ ಹಗುರವಾಗಿರಲಿಲ್ಲ, ಮತ್ತು ಅವಳು ಹುಲುಗಪ್ಪನನ್ನು ಬಿಟ್ಟು ಏಳಲಿಲ್ಲ.

ವಿಚಾರಣೆಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಸಮಿತಿಯಲ್ಲಿ ಮೂವರಿದ್ದರು. ನನ್ನನ್ನು ಕಂಡು ಹಿರಿಯ ಸದಸ್ಯರು, "ನಿಮಗೇನ್ರಿ ಸಂಬಂಧ? ರಿಟೈರ್ ಆದವರು ಮನೇಲಿ ಮೊಮ್ಮಕ್ಕಳನ್ನ ಆಡಿಸಿಕೊಂಡು ಇರಬೇಕಪ್ಪ" ಎಂದರು. ಮಧ್ಯದವರು ಎರಡು ನಿಮಿಷದಲ್ಲಿ ಮುಗಿಸಬೇಕೆಂದರು. ಮೂರನೆಯವರು ನಾನು ಮಾತಾಡಿದ ಅಷ್ಟೂ ಹೊತ್ತು ಫೋನ್ ನೋಡುತ್ತಿದ್ದರು. ನಾನು ತಂದಿದ್ದ ಧ್ವನಿಮುದ್ರಣಗಳನ್ನು ಯಾರೂ ಕೇಳಲಿಲ್ಲ. ಹುಲುಗಪ್ಪನನ್ನು ಕರೆಸಿರಲೇ ಇಲ್ಲ. ಕುಳಿತುಕೊಳ್ಳಿರೆಂದು ಅವಳಿಗಾಗಲಿ ನನಗಾಗಲಿ ಹೇಳಲಿಲ್ಲ. ಕೋಣೆಯಲ್ಲಿ ನಾಲ್ಕು ಖಾಲಿ ಕುರ್ಚಿಗಳಿದ್ದವು.

"ಒಂದು ಪುಟ ಕೇಳಿ ನೆನಪಿಟ್ಟುಕೊಂಡು ಬರೀತೀಯಾ? ನಮಗೇ ಕಿವಿ ಮೇಲೆ ಹೂವು ಇಡ್ತೀಯಾ?" ಎಂದು ಹಿರಿಯರು ನಕ್ಕರು.

"ಬೇಕಾದ್ರ ಈಗ ಏನರ ಓದ್ರಿ ಸಾರ್. ನಾ ಹೇಳ್ತೀನಿ."

ತಮಾಷೆಗೆಂದೇ ಅವರು ಮುಂದಿದ್ದ ಕಡತದಿಂದ ಒಂದು ಸುತ್ತೋಲೆ ಎತ್ತಿ ಬೇಗ ಬೇಗ ಓದಿದರು. ಉದ್ದದ, ವಿಭಕ್ತಿಗಳು ಒಂದರ ಮೇಲೊಂದು ಬಿದ್ದ ಕಚೇರಿಯ ಕನ್ನಡ. ಅವಳು ನೆಲ ನೋಡುತ್ತ ಕೇಳಿ, ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಒಪ್ಪಿಸಿದ ಮೇಲೆ, "ಎರಡನೇ ಸಾಲಿನಾಗ ‘ಈ ಮೂಲಕ’ ಅನ್ನೋದನ್ನ ನೀವು ಎರಡು ಸಲ ಓದಿದ್ರಿ. ಅದಕ್ಕ ನಾನೂ ಎರಡು ಸಲ ಅಂದೀನ್ರಿ" ಎಂದು ಸೇರಿಸಿದಳು.

ಮೂರನೆಯವರು ಫೋನ್ ಕೆಳಗಿಟ್ಟರು. ಗೆದ್ದೆವೆಂದು ನಾನು ತಿಳಿದೆ. ಹಿಂದಿರುಗುವ ಬಸ್ಸಿನಲ್ಲಿ ಅವಳು, "ಮುಂದಿನ ವರ್ಷ ನನ್ ಫೀಸು ಕಟ್ಟಿಬಿಡ್ತೀನಿ ಸಾರ್" ಎಂದಳು.

ಆದೇಶ ಮೂರು ವಾರಕ್ಕೆ ಬಂತು. ಅದರ ಒಂದು ವಾಕ್ಯವನ್ನು ಇದ್ದಂತೆಯೇ ಕೊಡುತ್ತೇನೆ: "ಆರೋಪಿತಳಿಗೆ ಅಸಾಧಾರಣ ಸ್ಮರಣಶಕ್ತಿ ಇರುವುದನ್ನು ಸಮಿತಿಯು ಖುದ್ದಾಗಿ ಗಮನಿಸಿದ್ದು, ಸದರಿಯವಳು ಪಠ್ಯವಿಷಯವನ್ನು ಕಂಠಪಾಠ ಮಾಡಿ ಪರೀಕ್ಷಾರ್ಥಿಯ ಬದಲಾಗಿ ತಾನೇ ಉತ್ತರಿಸಲು ಶಕ್ತಳಿರುವುದು ಕಂಡುಬರುತ್ತದೆ." ನಿರಪರಾಧಿತ್ವಕ್ಕೆ ಅವಳು ಕೊಟ್ಟ ಸಾಕ್ಷಿಯನ್ನೇ ಅವರು ಅಪರಾಧದ ಸಾಕ್ಷಿಯಾಗಿ ಬರೆದುಕೊಂಡರು. ಸುಳ್ಳು ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಕಣ್ಣೆದುರು ಕಂಡ ಸತ್ಯದಿಂದಲೇ ಸುಳ್ಳನ್ನು ತಯಾರಿಸುವವರನ್ನು ಅಂದೇ ಕಂಡದ್ದು.

ನಾನು ಮೂರು ಮೇಲ್ಮನವಿಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ಅವು ತಲುಪಿದ್ದಕ್ಕೆ ಸಹಿಗಳು ನನ್ನಲ್ಲಿವೆ. ಉತ್ತರ ಬರಲಿಲ್ಲ.

ದಿನಪತ್ರಿಕೆಯಲ್ಲಿ ಆದೇಶದ ಸುದ್ದಿ ಬಂದ ಮರುದಿನವೇ ಜೆರಾಕ್ಸ್ ಅಂಗಡಿಯ ಯಜಮಾನ, "ಇಲ್ಲಿಗೆ ಪರೀಕ್ಷೆ ಹುಡುಗರು ಬರ್ತಾರವಾ. ನೀನಿದ್ರ ಅಂಗಡಿ ಮ್ಯಾಲೆ ಕಣ್ಣು ಬೀಳ್ತೈತಿ" ಎಂದು ಬಿಡಿಸಿದ. ಬೇರೆ ಎರಡು ಅಂಗಡಿಗಳಲ್ಲಿ ಹೆಸರು ಕೇಳಿಯೇ ಬೇಡವೆಂದರು. ಅವಳು ಎಮ್ಮಿಗನೂರಿಗೆ ಮರಳಿ ತಾಯಿಯ ಜೊತೆ ನಾಟಿಯ ಸಾಲಿಗೆ ಸೇರಿದಳು.

ಬರೆಯಬಾರದೆಂದು ಆದೇಶವಿತ್ತು, ಓದಬಾರದೆಂದು ಇರಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದು, ಮನೆಯ ಕಟ್ಟೆಯ ಮೇಲೆ ಕುಳಿತು, ಹುಲುಗಪ್ಪನ ಪಠ್ಯಪುಸ್ತಕಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಕಳುಹಿಸುತ್ತಿದ್ದಳು. ಅವನಿಂದ ಅದು ಕಮಲಾಪುರದ ಹುಡುಗಿಗೆ, ಅಲ್ಲಿಂದ ಇನ್ನೂ ಕೆಲವರಿಗೆ ಹೋಗುತ್ತಿತ್ತು. "ಪಾಠದ ನಡುವ ಅವರಪ್ಪನ ಕೆಮ್ಮು ಬರ್ತೈತಿ ಸಾರ್. ಕೆಮ್ಮು ಶುರುವಾದ್ರ ಆಕಿ ನಿಲ್ಲಿಸ್ತಾಳ, ನೀರು ಕುಡಿಸಿ ಬರ್ತಾಳ, ಮತ್ತ ಅದ ಸಾಲಿನಿಂದ ಹಿಡೀತಾಳ" ಎಂದು ಹುಲುಗಪ್ಪ ಒಮ್ಮೆ ನನಗೆ ಹೇಳಿದ. ಅವನು ಮರುವರ್ಷ ಹೆದರಿ ಹೆದರಿ ಬರೆಯುವ ಒಬ್ಬ ಹುಡುಗನೊಂದಿಗೆ ಪರೀಕ್ಷೆಗೆ ಕುಳಿತ. ಆ ಹುಡುಗ ಪ್ರತಿ ಮಾತಿಗೂ ತಡೆದು, ಮೇಲ್ವಿಚಾರಕರ ಮುಖ ನೋಡಿ ಬರೆದ. ಎರಡು ಪತ್ರಿಕೆಗಳು ಪಾಸಾಗದೆ ಉಳಿದವು. ಅದರ ಮರುವರ್ಷ ಬರೆಯುವವರೇ ಸಿಗಲಿಲ್ಲ.

ನಿಷೇಧ ಮುಗಿಯಲು ಏಳು ತಿಂಗಳಿರುವಾಗ, ನಾಟಿಗೆ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಗೂಡ್ಸ್ ಟೆಂಪೋ ಕಾಲುವೆಯ ಏರಿಯ ಮೇಲೆ ಪಲ್ಟಿಯಾಯಿತು. ತಾಯಿ ಅಂದು ಗಂಡನಿಗೆ ಹೆಚ್ಚಾಯಿತೆಂದು ಮನೆಯಲ್ಲಿ ಉಳಿದಿದ್ದರು. ಟೆಂಪೋದಲ್ಲಿದ್ದ ಬೇರೆಯವರಿಗೆ ಕೈಕಾಲು ಮುರಿದವು. ಅವಳು ಹೊಸಪೇಟೆಯ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು.

ನಾನು ಹೋದಾಗ ತಂದೆ ಅದೇ ಗೋಡೆಗೆ ಒರಗಿದ್ದರು. ಅಳುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ತಾಯಿ ಹೇಳಿದರು: "ಕೂಲಿಗೆ ಬ್ಯಾಡ, ಓದಿದಾಕಿ ನೀನು, ಬ್ಯಾರೆ ಊರಾಗರ ಅಂಗಡಿ ಕೆಲಸ ಹುಡುಕು ಅಂದೆ ಸಾರ್. ಅಂಗಡ್ಯಾಗ ಕಳ್ಳಿ ಅಂತಾರ, ಗದ್ದ್ಯಾಗ ಯಾರೂ ಏನೂ ಅನ್ನಲ್ಲ ಬೇ ಅಂದ್ಲು."

ಟೆಂಪೋ ಪಲ್ಟಿಯಾದದ್ದಕ್ಕೆ ಸಮಿತಿ ಹೊಣೆಯಲ್ಲವೆಂದು ನನಗೆ ಕಾನೂನು ಬಲ್ಲವರೊಬ್ಬರು ವಿವರಿಸಿದರು. ಇರಬಹುದು. ಅವಳು ಆ ಟೆಂಪೋ ಹತ್ತುವಂತೆ ಮಾಡಿದವರು ಯಾರೆಂಬುದಕ್ಕೆ ನನಗೆ ಕಾನೂನು ಬೇಕಿಲ್ಲ.

ಈ ವರ್ಷದ ಪರೀಕ್ಷೆಗಳು ಹತ್ತಿರ ಬಂದಿವೆ. ಹುಲುಗಪ್ಪನ ಎರಡು ಪತ್ರಿಕೆಗಳಿಗೆ, ಇನ್ನೂ ಐವರು ಅಂಧ ವಿದ್ಯಾರ್ಥಿಗಳಿಗೆ ಬರೆಯುವವರು ಬೇಕಾಗಿದ್ದಾರೆ. ನಾನು ಹೊಸಪೇಟೆ, ಕಂಪ್ಲಿ, ಸಂಡೂರಿನ ಕಾಲೇಜುಗಳಿಗೆಲ್ಲ ಹೋಗಿ ಬಂದೆ. ಒಪ್ಪಿಕೊಂಡ ಹುಡುಗಿಯೊಬ್ಬಳ ತಾಯಿ ಮರುದಿನ ನನ್ನ ಮನೆಗೇ ಬಂದು, "ತಪ್ಪು ತಿಳ್ಕಬ್ಯಾಡ್ರಿ ಸಾರ್. ಎಮ್ಮಿಗನೂರು ಹುಡುಗಿಗೆ ಆದಂಗ ನಮ್ಮಾಕಿಗೂ ಆದ್ರ ನೀವು ಬಂದು ಬಿಡಸ್ತೀರೇನ್ರಿ?" ಎಂದು ಕೇಳಿದರು. ಬಿಡಿಸಲು ನನ್ನಿಂದ ಆಗಲಿಲ್ಲವೆಂಬುದು ಅವರಿಗೆ ಗೊತ್ತಿತ್ತು. ನಾನು ಬಾಗಿಲವರೆಗೆ ಹೋಗಿ ಅವರನ್ನು ಕಳುಹಿಸಿ ಬಂದೆ. ಈವರೆಗೆ ಯಾರೂ ಸಿಕ್ಕಿಲ್ಲ.

ಆದ್ದರಿಂದ ಆ ಸಮಿತಿಯ ಮೂವರು ಮಹನೀಯರನ್ನು ಹೆಸರಿಸದೆಯೇ ಕೇಳುತ್ತೇನೆ. ಯಾರನ್ನು ಕೇಳುತ್ತಿದ್ದೇನೆಂದು ಅವರಿಗೆ ತಿಳಿಯುತ್ತದೆ. ನಿಮ್ಮ ಮನೆಗಳಲ್ಲಿ ಕಾಲೇಜು ಓದುವ ಮಕ್ಕಳಿದ್ದಾರೆ. ಅವರು ಹಸಿದಿಲ್ಲ, ಅವರ ತಂದೆಯರ ಉಸಿರು ಸರಿಯಾಗಿದೆ, ಅವರು ಎರಡು ಬಸ್ಸು ಬದಲಾಯಿಸಬೇಕಿಲ್ಲ. ಹುಲುಗಪ್ಪನ ಪಕ್ಕದಲ್ಲಿ ಮೂರು ಗಂಟೆ ಕುಳಿತು ಅವನು ಹೇಳಿದ್ದನ್ನು ಬರೆಯಲು ಅವರಲ್ಲಿ ಯಾರನ್ನು ಕಳುಹಿಸುತ್ತೀರಿ?